ಬಿಸಿಲೂರಿನ ಹೀಟರ್

ಡಿಸೆಂಬರ್ 3, ಮಂಗಳವಾರ

ಇವತ್ತು ಬೆಳಿಗ್ಗೆ ಕಾರಿನಲ್ಲಿ ಅತ್ತೆ ನಡುಗುವುದನ್ನು ಕನ್ನಡಿಯಲ್ಲಿ ನೋಡಿದಾಗ ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಕಾರಿನ ಮೇಲೆ, ಚಳಿಯ ಮೇಲೆ, ಹಟ್ಟಿಯ ಕಂಪನಿ ಮನೆಯಲ್ಲಿ ಇರುವ ಗಂಡನ ಮೇಲೆ. ಅವರದು ಬೆಳಗಿನ ಪಾಳಿ, ಚಿನ್ನದ ಗಣಿ ಯಾರ ತಾಯಿಗೂ ಕಾಯುವುದಿಲ್ಲ, ಎಲ್ಲ ಗೊತ್ತು. ಗೊತ್ತಿದ್ದವರಿಗೆ ಸಿಟ್ಟು ಬರಬಾರದೇನು?

ಮಂಗಳವಾರ, ಗುರುವಾರ, ಶನಿವಾರ ಮಸ್ಕಿಯಿಂದ ಸಿಂಧನೂರಿಗೆ ಅತ್ತೆಯನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಸಿಕ್ಕಿರುವುದು ಬೆಳಗಿನ ಆರು ಗಂಟೆಯ ಪಾಳಿ. ನಾನು ಡ್ರೈವಿಂಗ್ ಕಲಿತದ್ದೇ ಈ ಯುಗಾದಿ ಆದ ಮೇಲೆ. ಎದುರಿಗೆ ಲಾರಿಯ ದೀಪ ಕಂಡರೆ ಈಗಲೂ ಕಾರನ್ನು ಪೂರಾ ಎಡಕ್ಕೆ ಇಳಿಸಿ ನಿಲ್ಲಿಸಿಬಿಡುತ್ತೇನೆ. ಆಗೆಲ್ಲ ಹಿಂದಿನ ಸೀಟಿನಲ್ಲಿ ಕುಳಿತ ಅತ್ತೆ ಒಂದು ಕೆಮ್ಮು ಕೆಮ್ಮುತ್ತಾರೆ. ಮಾತಿನಲ್ಲಿ ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಕೆಮ್ಮಿಗೆ ಏನೆಂದು ಉತ್ತರ ಕೊಡುವುದು?

ಮಸ್ಕಿ ದಾಟಿ ಕಾಲುವೆ ಸೀಮೆ ಶುರುವಾದರೆ ಸಾಕು, ಗದ್ದೆಗಳ ಮೇಲಿನ ಥಂಡಿ ನೇರ ಕಾರಿನೊಳಗೆ ಬಂದು ಕೂರುತ್ತದೆ. ಹೀಟರಿನ ತಿರುಗುಣಿಯನ್ನು ಕೆಂಪು ಗೆರೆ ಮುಗಿಯುವ ತನಕ ತಿರುಗಿಸಿದರೂ ಬರುವ ಗಾಳಿ ಆರಿದ ಚಹದಷ್ಟೂ ಬಿಸಿಯಿಲ್ಲ. ಹಟ್ಟಿಯ ಸಾಹೇಬರೊಬ್ಬರಿಂದ ಕೊಂಡ ಹಳೇ ಕಾರು ಇದು. ಕೊಳ್ಳುವಾಗ ಎ.ಸಿ. ನೋಡಿದೆವು, ಟೈರ್ ನೋಡಿದೆವು, ಹಾರ್ನ್ ಕೂಡ ಬಾರಿಸಿ ನೋಡಿದೆವು. ಹೀಟರ್ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆಸ್ಪತ್ರೆಯ ಮುಂದೆ ಇಳಿಯುವಾಗ ಅತ್ತೆ ಹೇಳಿದರು: "ಈ ಥಂಡಿ ನಾ ದಾಟಂಗಿಲ್ಲ. ಸುಮ್ನ ಯಾಕ ಒಯ್ಯಾಕತ್ತಿ ನನ್ನ?"

"ಇಳೀರಿ ಅತ್ತಿ, ಹೊತ್ತಾಗ್ತದ," ಅಂದೆ. ಮದುವೆಯಾಗಿ ಬಂದಾಗಿನಿಂದ ನಮ್ಮಿಬ್ಬರ ಮಾತುಕತೆ ಇಷ್ಟೇ ಉದ್ದದ್ದು.

ಡಿಸೆಂಬರ್ 5, ಗುರುವಾರ

ಫೋನಿನಲ್ಲಿ ಹೀಟರ್ ಸುದ್ದಿ ಎತ್ತಿದರೆ ನಮ್ಮವರು ನಕ್ಕುಬಿಟ್ಟರು. "ಅಲ್ಲ ಪದ್ಮಾ, ರಾಯಚೂರು ಜಿಲ್ಲಾದಾಗ ಹೀಟರ್ ಬೇಕಂದಾಕಿ ನೀನ ಮೊದಲ್ನೇಕಿ. ಅವ್ವಗ ಒಂದು ಕೌದಿ ಹೊಚ್ಚು, ಮುಗೀತು."

ಕೌದಿ ಹೊಚ್ಚಿಯೇ ಒಯ್ಯುತ್ತಿದ್ದೇನೆ, ನಿಂಗರಾಜ ಸಾಹೇಬರೇ. ಒಂದಲ್ಲ, ಎರಡು. ಕೌದಿ ಇರುವ ಬಿಸಿಯನ್ನು ಹಿಡಿದಿಡುತ್ತದೆ. ಹಿಡಿದಿಡಲು ಆ ಮೈಯಲ್ಲಿ ಬಿಸಿ ಎಲ್ಲಿದೆ? ಬಾಟ್ಲಿಯಲ್ಲಿ ಬಿಸಿನೀರು ತುಂಬಿ ಮಡಿಲಲ್ಲಿಟ್ಟೆ, ಅರ್ಧ ದಾರಿಗೆ ಆರಿತು. ಬರುವಾಗ ಇನ್ನೂ ಕಷ್ಟ. ರಕ್ತ ಯಂತ್ರದೊಳಗೆ ಸುತ್ತಿ ಬರುವುದರಿಂದ ಮೈ ಒಳಗಿನಿಂದಲೇ ಥಂಡಿ ಹಿಡಿಯುತ್ತದೆ ಎಂದು ನರ್ಸ್ ಯಮನಮ್ಮ ಹೇಳಿದರು. ಬಿಸಿಲು ಏರಿದ ಮೇಲೂ ಅತ್ತೆಯ ಹಲ್ಲು ಕಟಕಟ ಅನ್ನುತ್ತಲೇ ಇತ್ತು. ಆ ಸದ್ದು ಕೇಳಲಾರದೆ ರೇಡಿಯೋ ಹಚ್ಚಿದೆ.

ಡಿಸೆಂಬರ್ 7, ಶನಿವಾರ

ಅತ್ತೆ ಒಳಗೆ ಮಲಗಿದ ಹೊತ್ತಿನಲ್ಲಿ, ಸಿಂಧನೂರಿನಲ್ಲಿ ಕಾರುಗಳ ಎ.ಸಿ. ರಿಪೇರಿ ಮಾಡುವ ಗುರುಬಸವನ ಅಂಗಡಿಗೆ ಹೋದೆ. "ಗ್ಯಾಸ್ ಕಡಿಮಿ ಆಗೈತ್ರಿ ಮೇಡಂ," ಅಂದ. ಆಗಿನ್ನೂ ಬಾನೆಟ್ ಎತ್ತಿರಲಿಲ್ಲ.

"ಹೀಟರಿಗೂ ಗ್ಯಾಸ್ ಬೇಕೇನ್ರಿ?"

"ಎಲ್ಲಾ ಒಂದ ಲೈನ್ ಅಲ್ಲೇನ್ರಿ."

ಹಾಕಿಸಿದೆ. ಹೊರಡುವಾಗ ಎ.ಸಿ. ಗುಂಡಿ ಒತ್ತಿ ನೋಡಿದರೆ ಬೆರಳು ಮರಗಟ್ಟಿತು. ಹೀಟರ್ ಮಾತ್ರ ಇದ್ದಂತೆಯೇ ಇದೆ. ಡಿಸೆಂಬರ್ ತಿಂಗಳಲ್ಲಿ ನನ್ನ ಕಾರು ಮೇ ತಿಂಗಳಿಗೆ ತಯಾರಾಗಿ ನಿಂತಿದೆ. ಗುರುಬಸವ ಚಹಾ ಕುಡಿಸಿದ, ಅದೊಂದೇ ಬಿಸಿಯಾಗಿತ್ತು.

ಡಿಸೆಂಬರ್ 8, ಭಾನುವಾರ

ಹೊಲಿಗೆ ಬಿಚ್ಚಿ ನೋಡದೆ ಬಟ್ಟೆಯ ದೋಷ ತಿಳಿಯುವುದಿಲ್ಲ ಎಂದು ನನ್ನ ಮಧ್ಯಾಹ್ನದ ಹೊಲಿಗೆ ಕ್ಲಾಸಿನ ಹುಡುಗಿಯರಿಗೆ ದಿನಾ ಹೇಳುತ್ತೇನೆ. ಇವತ್ತು ನನ್ನ ಮಾತನ್ನು ನಾನೇ ಕೇಳಿದೆ. ಗಾಳಿಯ ಫಿಲ್ಟರ್ ಹೊರಗೆಳೆದರೆ ಅದರ ಹಿಂದೆ ಇಲಿಯ ಗೂಡು! ಎಲ್ಲಾ ನನ್ನ ಬ್ಲೌಸ್ ಚೂರುಗಳೇ. ಹೋದ ದಸರೆಯ ರಾಮಾ ಗ್ರೀನ್ ಲೈನಿಂಗ್ ಗುರುತು ಸಿಕ್ಕಿತು. ಇಲಿಗೆ ಬಣ್ಣದ ಆಯ್ಕೆ ಚೆನ್ನಾಗಿದೆ.

ಎಲ್ಲ ತೆಗೆದು ಒರೆಸಿ ಹಾಕಿದ ಮೇಲೆ ಗಾಳಿಯ ಜೋರು ಎರಡು ಪಟ್ಟಾಗಿದೆ. ಈಗ ತಣ್ಣನೆಯ ಗಾಳಿ ಜೋರಾಗಿ ಬರುತ್ತದೆ.

ಡಿಸೆಂಬರ್ 12, ಗುರುವಾರ

ಅತ್ತೆ ಬರಲಿಲ್ಲ.

ಕಾರು ಚಾಲೂ ಮಾಡಿ ಬಾಗಿಲು ತೆಗೆದು ನಿಂತಿದ್ದೆ. ಅವರು ಹಾಸಿಗೆಯಿಂದ ಏಳಲೇ ಇಲ್ಲ. "ಸಾಕು. ಆ ಗಾಡ್ಯಾಗ ಹೆಣ ಒಯ್ದಂಗ ಒಯ್ತೀ. ಮನ್ಯಾಗ ಬೆಚ್ಚಗ ಸಾಯ್ತೀನಿ ಬಿಡು." ನಾನು ರಮಿಸಿದೆ, ಬೈದೆ, ಮಗನಿಗೆ ಫೋನ್ ಹಚ್ಚಿ ಕಿವಿಗೆ ಹಿಡಿದೆ. ಗೋಡೆ ಕಡೆ ತಿರುಗಿ ಮಲಗಿದರು.

ಯಮನಮ್ಮನಿಗೆ ಫೋನ್ ಮಾಡಿದೆ. "ಒಂದು ಸರ್ತಿ ತಪ್ಪಿದ್ರ ಹೆಂಗೋ ನಡೀತದ್ರಿ. ಮತ್ತ ತಪ್ಪಿಸಿದ್ರ ನೀರು ಎದಿಗೇರ್ತದ, ನಮ್ಮ ಕೈಯಾಗ ಇರಂಗಿಲ್ಲ," ಅಂದರು. ಮಧ್ಯಾಹ್ನದ ಪಾಳಿ ಸಿಗುತ್ತದೇನು ಎಂದು ಕೇಳಿದೆ. ಯಾರದಾದರೂ ಜಾಗ ಖಾಲಿಯಾದರೆ ಹೇಳುತ್ತಾರಂತೆ. ಅಲ್ಲಿ ಜಾಗ ಹೇಗೆ ಖಾಲಿಯಾಗುತ್ತದೆ ಎಂದು ಗೊತ್ತಿದ್ದೂ ಕೇಳಿದೆ. ಫೋನಿಟ್ಟ ಮೇಲೆ ನಾಚಿಕೆಯಾಯಿತು.

ಈ ಹೀಟರನ್ನು ನಾನು ಬಿಡುವುದಿಲ್ಲ.

ಡಿಸೆಂಬರ್ 14, ಶನಿವಾರ

ಅತ್ತೆಯ ಮುಖ ಊದಿತ್ತು. ಬೆಳಿಗ್ಗೆ ಉಸಿರಿಗೆ ಕಷ್ಟವಾದ ಮೇಲೆ ತಾವಾಗಿಯೇ ಎದ್ದು ಬಂದರು. ಗಾಳಿಯ ಕಿಂಡಿ ಹತ್ತಿರವಿರಲಿ ಎಂದು ಮುಂದಿನ ಸೀಟಿನಲ್ಲಿ ಕೂರಿಸಿದೆ. "ಮುಂದ ಕುಂತ್ರ ಲಾರಿ ಮೈಮ್ಯಾಲ ಬಂದಂಗಾಗ್ತದ," ಅನ್ನುತ್ತಲೇ ಕುಳಿತರು.

ದಾರಿಯಲ್ಲಿ ಕುರಿ ಹಿಂಡು ರಸ್ತೆಗೆ ಅಡ್ಡ ಬಂತು. ಅದರ ಬಾಲ ಮುಗಿಯುವುದನ್ನೇ ಕಾಯುತ್ತ ಇಂಜಿನ್ ಚಾಲೂ ಇಟ್ಟು ನಿಂತಿದ್ದೆವು. ಅತ್ತೆ ಕೌದಿಯಿಂದ ಕೈ ಹೊರಗೆ ತೆಗೆದು ಕಿಂಡಿಯ ಮುಂದೆ ಹಿಡಿದರು. "ಏ, ಬೆಚ್ಚಗ ಬರಾಕತ್ತೈತಲ್ಲ!"

ನಿಜ! ಉಗುರುಬೆಚ್ಚಗಿನ ಗಾಳಿ. ಕುರಿ ದಾಟಿದವು, ನಾವು ಹೊರಟೆವು, ಸ್ವಲ್ಪ ದೂರ ಹೋಗುವುದರೊಳಗೆ ಮತ್ತೆ ಥಂಡಿ.

"ನಿಂತ್ರ ಬೆಚ್ಚಗ, ಹೋದ್ರ ತಣ್ಣಗ. ಥೇಟ್ ನನ್ನ ಮಗನಂಗ ಐತಿ ನಿನ್ನ ಗಾಡಿ," ಅಂದರು ಅತ್ತೆ.

ನಾನು ಎಷ್ಟು ನಕ್ಕೆನೆಂದರೆ ಎದುರು ಬಂದ ಲಾರಿಗೆ ಎಡಕ್ಕೆ ಇಳಿಯುವುದೇ ಮರೆತುಹೋಯಿತು. ಲಾರಿ ತನ್ನ ಪಾಡಿಗೆ ತಾನು ಹೋಯಿತು.

ಡಿಸೆಂಬರ್ 17, ಮಂಗಳವಾರ

ಇಂಜಿನ್ ಬಿಸಿ ತೋರಿಸುವ ಮುಳ್ಳಿನ ಮೇಲೆ ಅತ್ತೆಯನ್ನು ಕಾವಲಿಗೆ ಕೂರಿಸಿದ್ದೇನೆ. ನನಗೆ ರಸ್ತೆ ನೋಡಬೇಕಲ್ಲ. "ಎದ್ದಿತು", "ಬಿತ್ತು" ಎಂದು ದಾರಿಯುದ್ದಕ್ಕೂ ವರದಿ ಬರುತ್ತದೆ. ನಿಂತರೆ ಮುಳ್ಳು ಏಳುತ್ತದೆ, ಓಡಿದರೆ ತಳಕ್ಕೆ ಬೀಳುತ್ತದೆ. ಮುಳ್ಳು ಬಿದ್ದಾಗೆಲ್ಲ ಗಾಳಿ ತಣ್ಣಗೆ. ಅಂದರೆ ದೋಷ ಹೀಟರಿನದಲ್ಲ, ಇಂಜಿನ್ನೇ ಕಾಯುತ್ತಿಲ್ಲ.

ಊರಿಗೆ ಬಂದು ಮಸ್ಕಿಯ ಮೆಕ್ಯಾನಿಕ್ ಬುಡ್ಡೇಸಾಬಣ್ಣನಿಗೆ ತೋರಿಸಿದೆ. ಹೀಟರಿಗೆ ಹೋಗುವ ಎರಡೂ ಪೈಪ್ ಮುಟ್ಟಿ ನೋಡಿದರು. ಎರಡೂ ಒಂದೇ ಸಮ ಉಗುರುಬೆಚ್ಚಗೆ. "ಒಳಗ ಏನೂ ಕಟ್ಟಿಲ್ಲ ತಂಗಿ. ಗಾಡಿ ತಣ್ಣಗೈತಿ. ಛಲೋ ಅಲ್ಲೇನು?"

"ಛಲೋ ಹೆಂಗಾಗ್ತದಣ್ಣ?"

"ಮುಳ್ಳು ಕೆಳಗಿದ್ರ ಗಾಡಿ ಆರೋಗ್ಯ ಐತಿ ಅಂತ. ಮ್ಯಾಲೇರಿದ್ರ ನನ್ನ ಹತ್ರ ಬಾ."

ಅಲ್ಲಿ ಚಹಾ ಕುಡಿಯುತ್ತ ನಿಂತಿದ್ದವರೆಲ್ಲ ತಲೆಯಾಡಿಸಿದರು. ಒಬ್ಬನಂತೂ ತನ್ನ ಜೀಪಿನ ಮುಳ್ಳು ಹುಟ್ಟಿದಾಗಿನಿಂದ ಎದ್ದಿಲ್ಲವೆಂದು ಹೆಮ್ಮೆಪಟ್ಟ. ಬಿಸಿಲಿನ ಊರಿನವರಿಗೆ ತಣ್ಣಗಿರುವುದೇ ದೊಡ್ಡ ಗುಣ. ಅವರಿಗೆ ಹೇಗೆ ತಿಳಿಸಿ ಹೇಳಲಿ?

ಡಿಸೆಂಬರ್ 24, ಮಂಗಳವಾರ

ಹಲ್ಲಿನ ಕಟಕಟ. ರೇಡಿಯೋ ಹಚ್ಚಲಿಲ್ಲ. ನನ್ನ ಸ್ವೆಟರ್ ಬಿಚ್ಚಿ ಅವರ ಕಾಲಿಗೆ ಸುತ್ತಿದೆ.

ಡಿಸೆಂಬರ್ 30, ಸೋಮವಾರ, ಎಳ್ಳಮಾವಾಸ್ಯೆ

ಸಿಕ್ಕಿತು! ಬಚ್ಚಲಲ್ಲಿ ಸಿಕ್ಕಿತು!

ಪಾಮನಕಲ್ಲೂರಿನ ನಮ್ಮ ಹೊಲಕ್ಕೆ ಚರಗ ಚೆಲ್ಲಲು, ಭೂಮಿತಾಯಿಗೆ ಎಡೆ ಕೊಡಲು, ಹೋಗಬೇಕಿತ್ತು, ಮನೆ ತುಂಬ ನೆಂಟರು. ಬಚ್ಚಲ ಹಂಡೆಯಿಂದ ಒಂದು ಕೊಡ ಬಿಸಿನೀರು ತೆಗೆದವರು ಒಂದು ಕೊಡ ತಣ್ಣೀರು ಸುರಿದು ಹೋಗಬೇಕು, ಹಿಂದಿನವರಿಗೆ ಇರಲಿ ಅಂತ. ಇದು ನಮ್ಮ ಮನೆಯ ರೀತಿ, ಎಲ್ಲರ ಮನೆಯ ರೀತಿಯೂ ಹೌದು. ಆದರೆ ಇವತ್ತು ಎಲ್ಲರಿಗೂ ಗಡಿಬಿಡಿ. ಒಬ್ಬರು ಹೊರಗೆ ಬರುವುದರೊಳಗೆ ಇನ್ನೊಬ್ಬರು ಒಳಗೆ. ಅತ್ತೆ, ಈಗೀಗ ನನ್ನ ಬಾಯಲ್ಲೂ ಅವ್ವ, ಒಲೆಯ ಮುಂದೆ ಕುಳಿತು ಕಟ್ಟಿಗೆ ನೂಕುತ್ತ ಒದರುತ್ತಿದ್ದಳು: "ಕಾಯೂತನಕ ತಣ್ಣೀರು ಸುರೀಬ್ಯಾಡ್ರೋ! ಯಾರಿಗೂ ಬಿಸಿ ಸಿಗಂಗಿಲ್ಲ, ಕಟಗಿ ಅಷ್ಟ ದಂಡ!"

ಕೊನೆಯ ಪಾಳಿ ನನ್ನದು. ತಲೆಯ ಮೇಲೆ ಸುರಿದುಕೊಂಡೆ: ಉಗುರುಬೆಚ್ಚಗೆ. ಥೇಟ್ ಕಾರಿನ ಗಾಳಿಯಷ್ಟೇ. ಚೊಂಬು ಕೈಯಲ್ಲೇ ಉಳಿಯಿತು.

ಬೆಂಕಿಯ ದೋಷವಲ್ಲ, ಹಂಡೆಯ ದೋಷವೂ ಅಲ್ಲ. ಕಾಯುವ ಮೊದಲೇ ಯಾರೋ ತಣ್ಣೀರು ಸುರಿಯುತ್ತಿದ್ದಾರೆ! ಕಾರಿನಲ್ಲಿ ಅದು ಯಾರು? ಮುಂದೆ ಕುಳಿತ ರೇಡಿಯೇಟರ್. ಕಾರು ನಿಂತಾಗ ಅದಕ್ಕೆ ಗಾಳಿ ಬಡಿಯುವುದಿಲ್ಲ, ಅದರ ನೀರು ಅಷ್ಟು ತಣ್ಣಗಾಗುವುದಿಲ್ಲ. ಓಡಿದಾಗ ಗಾಳಿ ಬಡಿದು ತಣ್ಣೀರು ಒಂದೇ ಸಮನೆ ಇಂಜಿನ್ನಿಗೆ. ಕಾಯುವತನಕ ಆ ಕೈ ಹಿಡಿದು ನಿಲ್ಲಿಸುವವರು ಒಬ್ಬರು ಬೇಕು, ನಮ್ಮ ಬಚ್ಚಲಿಗೆ ಅವ್ವ ಇದ್ದ ಹಾಗೆ.

ಒದ್ದೆ ತಲೆಯಲ್ಲೇ ಫೋನ್ ಹಿಡಿದು ಹುಡುಕಿದೆ. ಆ ಕೆಲಸಕ್ಕೆಂದೇ ಒಂದು ವಾಲ್ವ್ ಇರುತ್ತದೆ, ಥರ್ಮೋಸ್ಟಾಟ್ ಅಂತ. ನೀರು ಕಾಯುವತನಕ ಬಾಯಿ ಮುಚ್ಚಿಕೊಂಡಿದ್ದು, ಕಾದ ಮೇಲೆ ತೆರೆದು ರೇಡಿಯೇಟರಿಗೆ ದಾರಿ ಬಿಡುತ್ತದೆ. ನನ್ನ ಕಾರಿನದು ತೆರೆದ ಬಾಯಿ ಮುಚ್ಚುತ್ತಿಲ್ಲ.

ಹೊಲದಲ್ಲಿ ಎಲ್ಲರೂ ಸಜ್ಜೆ ರೊಟ್ಟಿ, ಬದನೆಕಾಯಿ ಭರ್ತ ಹೊಡೆಯುತ್ತಿದ್ದರೆ ನಾನು ಅವ್ವನಿಗೆ ಇಂಜಿನ್ ಪಾಠ ಹೇಳುತ್ತಿದ್ದೆ. ಪೂರಾ ಕೇಳಿ, "ಅದನ್ನ ಹೇಳಾಕ ನಿನಗ ಇಷ್ಟು ದಿನ ಬೇಕಾತೇನ್ ಬೇ?" ಅಂದಳು.

ಡಿಸೆಂಬರ್ 31, ಮಂಗಳವಾರ

ಮೊದಲು ಸಾಬೀತು ಮಾಡಬೇಕು. ಹೊಲಿಗೆ ಮಷಿನ್ ಬಂದಿದ್ದ ರಟ್ಟಿನ ಪೆಟ್ಟಿಗೆ ಕತ್ತರಿಸಿ ಕಾರಿನ ಮುಂದಿನ ಜಾಲರಿಗೆ ಅರ್ಧ ಮುಚ್ಚುವಂತೆ ಕಟ್ಟಿದೆ. ಗಾಳಿ ಬಡಿಯದಿದ್ದರೆ ರೇಡಿಯೇಟರ್ ನೀರು ಆರುವುದಿಲ್ಲ, ಇಂಜಿನ್ ಕಾಯಬೇಕು. ಮುಳ್ಳು ನಡು ದಾಟಿದರೆ ಕೂಡಲೇ ಹೇಳು ಎಂದು ಅವ್ವನಿಗೆ ತಾಕೀತು ಮಾಡಿದ್ದೆ.

ಕಾಲುವೆ ದಾಟಿತು, ಮುಳ್ಳು ಬೀಳಲಿಲ್ಲ. "ಬಿದ್ದಿಲ್ಲ ಬೇ. ಇನ್ನೂ ಬಿದ್ದಿಲ್ಲ. ಏಳಾಕತ್ತೈತಿ!" ಗಾಳಿ ಬಿಸಿಯಲ್ಲ, ಆದರೆ ಬೆಚ್ಚಗೆ. ಸಿಂಧನೂರು ಬರುವ ಹೊತ್ತಿಗೆ ಅವ್ವ ಎರಡು ಕೌದಿಯಲ್ಲಿ ಒಂದನ್ನು ಹಿಂದೆ ಒಗೆದಿದ್ದಳು.

ಮರಳಿ ಬಂದವಳೇ ಬುಡ್ಡೇಸಾಬಣ್ಣನ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. "ಅಣ್ಣ, ಥರ್ಮೋಸ್ಟಾಟ್ ಬಿಚ್ಚಿ ತೋರಿಸ್ರಿ. ಅದು ಕೆಟ್ಟದ."

"ಕೆಟ್ಟಿಲ್ಲ ತಂಗಿ."

"ಬಿಚ್ಚದ ಹೆಂಗ ಹೇಳ್ತೀರಿ?"

"ಅದು ಇದ್ರಲ್ಲ ಕೆಡಾಕ! ನಾನ ತೆಗದೀನಿ ಅದನ್ನ."

ಅವರು ಆರಾಮಾಗಿ ಕೈ ಒರೆಸಿಕೊಳ್ಳುತ್ತ ಹೇಳಿದರು: "ಹಟ್ಟಿ ಸಾಹೇಬ್ರ ಗಾಡಿ ಅಲ್ಲೇನಿದು? ಒಂದ್ ಬ್ಯಾಸಗ್ಯಾಗ ಲಿಂಗಸುಗೂರು ರೋಡಿನ್ಯಾಗ ಕುದ್ದು ನಿಂತಿತ್ತು, ಹೆಂಡ್ರು ಮಕ್ಕಳು ಬಿಸಲಾಗ. ತೆಗದುಬಿಟ್ಟೆ. ಮಸ್ಕ್ಯಾಗ ನಾ ಮುಟ್ಟಿದ ಒಂದ್ ಗಾಡ್ಯಾಗೂ ಅದಿಲ್ಲ. ನಮ್ಮ ಬಿಸಲಿಗೆ ಅದ್ಯಾಕ ಬೇಕು?"

"ಹೀಟರ್ ಬರವಲ್ದು ಅಂತ ಮೊನ್ನಿ ಬಂದಾಗ ಯಾಕ ಹೇಳಲಿಲ್ಲ?"

"ನೀ ಹೀಟರ್ ಕೇಳಿದ್ದಿ. ಇದನ್ನ ಕೇಳಿದ್ದೇನು?"

ಆಮೇಲೆ ನಾನು ಒದರಿದ್ದು ಬಸ್ ಸ್ಟ್ಯಾಂಡಿನ ತನಕ ಕೇಳಿಸಿರಬೇಕು. ಪಕ್ಕದಲ್ಲೇ ಚಹಾ ಮಾರುವ ಅವರ ಹೆಂಡತಿ ಹಾಜಿರಾಬೀ ಗ್ಲಾಸ್ ಹಿಡಿದು ಬಂದಳು. "ಅಕ್ಕಾ, ಮೊದ್ಲು ಚಾ ಕುಡಿ. ಆಮ್ಯಾಲ ಬೈ. ನಾನೂ ಕೂಡ್ತೀನಿ."

ಜನವರಿ 1, ಬುಧವಾರ

ಬೆಳಿಗ್ಗೆ ಲಿಂಗಸುಗೂರಿಗೆ, ಗಾಡಿಗಳ ಸಾಮಾನಿನ ಅಂಗಡಿಗೆ. ಬಿಸಿಲಿತ್ತು, ಅವ್ವ "ನಾನೂ ಬರ್ತೀನಿ" ಅಂತ ಸೀರೆ ಬದಲಿಸಿ ಕುಳಿತಿದ್ದಳು. ಆಸ್ಪತ್ರೆ ಬಿಟ್ಟು ಬೇರೆ ಊರಿಗೆ ಅವಳು ಬಂದದ್ದು ಯಾವ ಕಾಲದಲ್ಲೋ. ದಾರಿಯಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರ್ ಒಂದು ಜಪ್ಪಯ್ಯ ಅಂದರೂ ದಾರಿ ಬಿಡಲೊಲ್ಲದು. "ದಾಟ್ಸು, ಎಷ್ಟೊತ್ತು ಅದರ ಹಿಂದ ಹೊಕ್ಕೀ?" ಅಂದಳು. ದಾಟಿಸಿದೆ.

ಅಂಗಡಿಯವ, "ಈ ಕಡಿ ಯಾರೂ ಕೇಳಂಗಿಲ್ಲರಿ, ತೆಗಸಾವ್ರ ಎಲ್ಲಾರು," ಅಂದ. ತರಿಸಲು ವಾರ ಬೇಕಂತೆ. ರೇಡಿಯೇಟರಿಗೆ ನೀರಿನ ಬದಲು ಹಾಕುವ ಹಸಿರು ಕೂಲಂಟ್ ಡಬ್ಬ ಮಾತ್ರ ಸಿಕ್ಕಿತು. ಅದನ್ನೇ ಹಿಡಿದು ಮುಖ ಸಣ್ಣಗೆ ಮಾಡಿಕೊಂಡು ಗ್ಯಾರೇಜಿಗೆ ಬಂದೆವು.

"ವಾರ ಯಾಕ?" ಎಂದರು ಬುಡ್ಡೇಸಾಬಣ್ಣ. ಒಳಗಿನಿಂದ ಎಣ್ಣೆಯ ಹಳೇ ಡಬ್ಬಿ ತಂದು ನೆಲಕ್ಕೆ ಬಗ್ಗಿಸಿದರು. ಗಲಗಲ ಬಿದ್ದವು, ಇಡೀ ಮಸ್ಕಿಯ ಥರ್ಮೋಸ್ಟಾಟುಗಳು! ಒಗೆಯಲು ಮನಸ್ಸು ಬಂದಿರಲಿಲ್ಲವಂತೆ. ಅಳತೆಗೆ ಕೂಡಿದ್ದು ಎರಡೇ. ಯಾವುದು ಜೀವಂತ, ಯಾವುದು ಸತ್ತದ್ದು?

ಇದೂ ಫೋನಿನಲ್ಲಿ ನೋಡಿದ್ದೆ. ಹಾಜಿರಾಬೀ ಹಾಲು ಸೀದ ಹಳೇ ಪಾತ್ರೆಯಲ್ಲಿ ನೀರಿಟ್ಟಳು. ನನ್ನ ಚೀಲದಲ್ಲಿ ಯಾವತ್ತೂ ಇರುವ ಹೊಲಿಗೆಯ ದಾರವನ್ನು ವಾಲ್ವಿನ ಬಾಯಿಗೆ ಸಿಕ್ಕಿಸಿ ನೀರಿನಲ್ಲಿ ಇಳಿಬಿಟ್ಟೆ. ಬಾಯಿ ತೆರೆದರೆ ದಾರ ಬಿಟ್ಟು ಕೆಳಗೆ ಬೀಳಬೇಕು. ಮೊದಲನೆಯದು ನೀರು ಕೊತಕೊತ ಕುದ್ದರೂ ದಾರ ಬಿಡಲಿಲ್ಲ. ಎರಡನೆಯದನ್ನು ಹೊಸ ತಣ್ಣೀರಿಗೆ ಇಳಿಸಿದೆ. ಬಾಕಿನ ಮೇಲೆ ಕುಳಿತ ಅವ್ವ ಪಾತ್ರೆಯೊಳಗೆ ಇಣುಕುತ್ತಿದ್ದಳು. ಚಹಾ ಕುಡಿಯಲು ಬಂದವರು ಚಹಾ ಮರೆತರು. ನೀರಿನ ತಳದಲ್ಲಿ ಗುಳ್ಳೆ ಎದ್ದವು, ಹಬೆ ಬಂತು.

ಟಪ್!

"ಬಾಯಿ ಬಿಟ್ಟಿತು!" ಅವ್ವ ಚಪ್ಪಾಳೆ ತಟ್ಟಿದಳು. ಹೊರಗೆ ತೆಗೆದು ಆರಲು ಬಿಟ್ಟರೆ ಮೆಲ್ಲಗೆ ಬಾಯಿ ಮುಚ್ಚಿತು. "ಇನ್ನೊಮ್ಮಿ," ಅಂದಳು. ಇನ್ನೊಮ್ಮೆ ಮಾಡಿದೆವು, ಅವಳ ಖುಷಿಗೆ ಮತ್ತೂ ಒಮ್ಮೆ.

ಕೂಡಿಸುವಾಗ ನಡುವೆ ಹಾಕುವ ಪ್ಯಾಕಿಂಗ್ ಹರಿದುಹೋಗಿತ್ತು. ಬುಡ್ಡೇಸಾಬಣ್ಣ ಪ್ಯಾಕಿಂಗ್ ಹಾಳೆ ತಂದು ಬ್ಲೇಡ್ ಹುಡುಕುತ್ತಿದ್ದರು. ಕಸಿದುಕೊಂಡು ನನ್ನ ಕತ್ತರಿಯಿಂದ ಕತ್ತರಿಸಿಕೊಟ್ಟೆ. ಬ್ಲೌಸಿನ ಕುತ್ತಿಗೆಯ ಗುಂಡು ಕತ್ತರಿಸಿದ ಕೈ ಇದು. ಇಟ್ಟು ನೋಡಿದರು, ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. "ವಾಹ್," ಅಂದರು. ಮುಂದಿನ ರಟ್ಟು ಬಿಚ್ಚಿ ಒಗೆದು, ರೇಡಿಯೇಟರಿನಲ್ಲಿದ್ದ ಕಾಲುವೆ ನೀರು ಬಸಿದು, ಕೂಲಂಟ್ ತುಂಬಿ, ಗಾಳಿ ಹೊರಡುವತನಕ ಇಂಜಿನ್ ಓಡಿಸಿ ಬಾನೆಟ್ ಮುಚ್ಚಿದರು.

ಜನವರಿ 2, ಗುರುವಾರ

ಗೆದ್ದೆವು.

ಹೊರಗೆ ಈ ಚಳಿಗಾಲದ ಅತಿ ಕೆಟ್ಟ ಥಂಡಿ. ಗದ್ದೆಗಳ ಮೇಲೆ ಮಂಜು, ಲಾರಿಯ ದೀಪ ಹಳದಿ ಚುಕ್ಕಿಯಷ್ಟೇ. ಮಸ್ಕಿ ದಾಟುವುದರೊಳಗೆ ಮುಳ್ಳು ಎದ್ದಿತು, ನಡುವಿಗೆ ಬಂದು ಕುಳಿತಿತು, ಸಿಂಧನೂರಿನ ತನಕ ಅಲ್ಲಾಡಲಿಲ್ಲ. ಗಾಳಿ ಇಸ್ತ್ರಿ ಮಾಡಿದ ಬಟ್ಟೆ ಮೈಗೆ ತಾಕಿದಂತೆ ಬಿಸಿಬಿಸಿ! ಅವ್ವ ಮೊದಲು ಒಂದು ಕೌದಿ ಒಗೆದಳು, ಆಮೇಲೆ ಇನ್ನೊಂದು, ಆಮೇಲೆ ತಲೆಯ ಮಫ್ಲರ್. ಕಡೆಗೆ ಕಿಟಕಿಯ ಗಾಜಿಗೆ ಕೈ ಹಾಕಿದಳು.

"ಏನ್ ಮಾಡಾಕತ್ತಿ ಯವ್ವಾ?"

"ಗಾಜು ಇಳಸ್ತೀನಿ. ಕುದಿಸ್ತೀಯೇನ್ ಬೇ ನನ್ನ?"

ನಾನು ಹಾರ್ನ್ ಬಾರಿಸಿದೆ. ಎದುರಿಗೆ ಯಾರೂ ಇರಲಿಲ್ಲ, ಸುಮ್ಮನೆ ಬಾರಿಸಿದೆ. ಕಣ್ಣಲ್ಲಿ ನೀರು ಬಂದದ್ದನ್ನು ಹೀಟರಿನ ಗಾಳಿಯೇ ಒಣಗಿಸಿತು.

ಬರುವಾಗ ಹಲ್ಲಿನ ಸದ್ದಿಗೆ ಕಿವಿಗೊಟ್ಟು ಕುಳಿತಿದ್ದೆ. ಒಂದಿಷ್ಟು ದೂರ ಕಟಕಟ ಅಂದದ್ದು ನಿಂತೇಹೋಯಿತು. ಏನಾಯಿತೋ ಎಂದು ಹೆದರಿ ತಿರುಗಿ ನೋಡಿದರೆ ಅವ್ವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಅಷ್ಟು ಚೆಂದದ ಗೊರಕೆ ನಾನು ಕೇಳಿಲ್ಲ.

ಜನವರಿ 5, ಭಾನುವಾರ

ನಮ್ಮವರು ಹಟ್ಟಿಯಿಂದ ಬಂದು ಕಾರಿನ ಕೀಲಿ ಕೇಳಿದರು, ನೋಡುತ್ತೇನೆ ಅಂತ. "ಹಿಂದ ಕುಂದ್ರು. ಮುಂದ ನಾ ಕುಂದ್ರತೀನಿ, ಮುಳ್ಳು ನೋಡಾಕ. ಗಾಡಿ ಪದ್ಮಾ ಹೊಡೀತಾಳ," ಅಂದಳು ಅವ್ವ. ಹಿಂದೆ ಕುಳಿತು ಬೆವರಿದರು.

ಜನವರಿ 14, ಮಂಗಳವಾರ, ಸಂಕ್ರಾಂತಿ

ಡಯಾಲಿಸಿಸ್ ಮುಗಿಸಿ ಬರುವಾಗ ಹಾಜಿರಾಬೀಗೆ ಕುಸುರೆಳ್ಳು ಕೊಡಲು ನಿಂತೆವು. ಗ್ಯಾರೇಜಿನ ಮುಂದೆ ಗಾಡಿಗಳ ಸಾಲು. ಮುಳ್ಳು ಎದ್ದೇ ಇಲ್ಲವೆಂದು ಹೆಮ್ಮೆಪಟ್ಟಿದ್ದ ಜೀಪಿನವ ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ತನ್ನದನ್ನು ಹುಡುಕುತ್ತಿದ್ದ. ಅವನ ಮನೆಯ ಬಾಣಂತಿ ತವರಿನಲ್ಲಿದ್ದಾಳಂತೆ, ತುರ್ವಿಹಾಳದಿಂದ ಅವಳನ್ನೂ ಕೂಸನ್ನೂ ಕರೆತರಬೇಕಂತೆ. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ದಾರದ ಉಂಡೆ ನೇತಾಡುತ್ತಿತ್ತು.

ಬುಡ್ಡೇಸಾಬಣ್ಣ ನನ್ನನ್ನು ಕಂಡು ಬಂದರು. "ಸುಗ್ಗಿ ನಡದೈತಿ ನಿನ್ನ ದಯದಿಂದ. ಆದ್ರ ಒಂದು ಮಾತು ತಂಗಿ. ಬ್ಯಾಸಗಿ ಬರೂದ್ರಾಗ ಅದನ್ನ ತೆಗಸಿಬಿಡು. ಕುದೀತದ."

"ತೆಗ್ಯಾಂಗಿಲ್ಲಣ್ಣ. ರೇಡಿಯೇಟರ್ ಸ್ವಚ್ಛ ಇಟ್ಟು, ಕೂಲಂಟ್ ತುಂಬಿಟ್ರ ಯಾಕ ಕುದೀತದ? ಅದು ಬಿಸಿ ಆದಾಗ ತಾನ ಬಾಯಿ ತೆರೀತದ, ನೀವ ನೋಡೀರಲ್ಲ?"

"ಮೇ ತಿಂಗಳ ಬಿಸಲು ನಿನ್ನ ಫೋನಿನ್ಯಾಗ ಇರಂಗಿಲ್ಲವಾ. ಲಿಂಗಸುಗೂರು ರೋಡಿನ್ಯಾಗ ನಿಂತಾಗ ನನಗ ಫೋನ್ ಹಚ್ತಿ!"

ನನ್ನ ಹತ್ತಿರ ಇನ್ನೂ ಬಹಳ ಮಾತಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೆ. ಅಷ್ಟರಲ್ಲಿ ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಬಿಸಿಲು ಮುಖದ ಮೇಲೆ ಬಿದ್ದಿತ್ತು. ಬಾಯಿಯಲ್ಲಿ ಕುಸುರೆಳ್ಳು.

"ಏ ಬುಡ್ಡೇಸಾಬ, ಜಗಳ ಸಾಕು. ಯುಗಾದಿ ಆದ ಮ್ಯಾಲ ತೆಗೀವಂತಿ. ಆದ್ರ ಈ ಡಬ್ಬ್ಯಾಗ ಒಗೀಬ್ಯಾಡ, ಎಲ್ಲಾದ್ರ ಜೊತಿ ಕಲೀತದ. ಬ್ಯಾರೆ ಅರಿವ್ಯಾಗ ಕಟ್ಟಿ ಇಡು. ಮುಂದಿನ ಎಳ್ಳಮಾಸಿಗೆ ನಾ ಬರ್ತೀನಿ, ಮತ್ತ ಹಾಕ್ಸಾಕ."

"ಬಾರವ್ವ, ಇಟ್ಟಿರ್ತೀನಿ," ಅಂದರು ಬುಡ್ಡೇಸಾಬಣ್ಣ.

ನಾನು ಸೆರಗು ಸಡಿಲಿಸಿದೆ. "ಹೂಂ, ಬ್ಯಾರೆ ಕಟ್ಟಿಡ್ರಿ," ಅಂದೆ. ಕಾರು ಹತ್ತಿ ಮನೆಗೆ ಬಂದೆವು.